ಬಾಚಣಿಗೆಯ ಪುಟ

ಮನೆ, ಹಿಂದಿನ ಕೋಣೆ
ಮಾರ್ಚ್ ೧೨, ಗುರುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಹಡಗಿನವರಿಗೆಲ್ಲ ಮಾತ್ರೆ ನುಂಗಿಸುವ ನರ್ಸಮ್ಮ ತಾನು ಮಾತ್ರ ಒಂದೂ ನುಂಗುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ನಡುಸಮುದ್ರದಲ್ಲಿ ನಿನ್ನ ಫೋನು ಸಿಗುವುದಿಲ್ಲವಾದ್ದರಿಂದ ಈ ಪತ್ರ. ಅಮ್ಮ ಚೆನ್ನಾಗಿದ್ದಾಳೆ, ಅಂದರೆ ಬೆಳಗಾಗುತ್ತಲೇ ನನ್ನನ್ನು ಬೈಯುವಷ್ಟು ಚೆನ್ನಾಗಿದ್ದಾಳೆ. ನನ್ನ ತಲೆ ಮಾತ್ರ ಮೊಸರುಗಡಿಗೆಯಾಗಿದೆ.

ಕಾರಣ ನಮ್ಮ ಸುಣ್ಣದ ಗೊಂಬೆ. ನೀನೇ ಇಟ್ಟ ಹೆಸರು, ಮರೆತಿಲ್ಲ ತಾನೆ? ಏಳನೇ ತರಗತಿಯಲ್ಲಿ ಅವಳನ್ನು ಮೊದಲ ಸಲ ಮನೆಗೆ ಕರೆತಂದಾಗ ಆ ಬಿಳಿ ಮುಖ ನೋಡಿ ನೀನು ಅಂದದ್ದು. ಅವತ್ತಿನಿಂದ ಇಪ್ಪತ್ತಾರು ವರ್ಷ ನಾನೂ ಅವಳೂ ಒಬ್ಬರ ಮೇಲೊಬ್ಬರು ಹೊಟ್ಟೆಕಿಚ್ಚು ಪಡುತ್ತಲೇ ಪ್ರಾಣಸ್ನೇಹಿತೆಯರಾಗಿದ್ದೇವೆ. ಅವಳದು ಒಂದೇ ರಾಗ: 'ನಿಂಗೇನಮ್ಮ, ನಿಮ್ಮಜ್ಜಿ ಸಮುದ್ರ ದಾಟಿ ಬಂದೋಳು, ನಿಮ್ಮನೇಲಿ ಮೂಲೆಮೂಲೇಲೂ ಕಥೆ ಬಿದ್ದಿರುತ್ತೆ. ನಮ್ಮನೇಲಿ ಏನಿದೆ, ಬರೀ ಗೋಡೆ!' ನಮ್ಮ ಕಪ್ಪು ಮೈ ನೋಡಿ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ ಉಳಿಯುವುದು ಅವಳಿಗೆ ಕಥೆ, ನನಗೆ ದಿನದ ಪ್ರಯಾಣ. ನನ್ನ ಹೊಟ್ಟೆಕಿಚ್ಚೇ ಬೇರೆ. ಅವಳು ಶುರುಮಾಡಿದ್ದನ್ನು ಮುಗಿಸುತ್ತಾಳೆ. ಅಜ್ಜಿಯ ಬಗ್ಗೆ ನಾನು ಬರೆಯಲು ಕುಳಿತು ಹನ್ನೊಂದು ವರ್ಷವಾಯಿತು. ಮೂರನೇ ಅಧ್ಯಾಯದಲ್ಲೂ ಅಜ್ಜಿ ಇನ್ನೂ ಹಡಗಿನಿಂದ ಇಳಿದಿಲ್ಲ.

ಗೊಂಬೆ ಏನು ಮಾಡಿದಳು ಗೊತ್ತಾ? ನಮ್ಮಂಥ ಕಪ್ಪು ಹುಡುಗಿಯನ್ನೇ ನಾಯಕಿ ಮಾಡಿ, ಒಂದೂವರೆ ವರ್ಷದಲ್ಲಿ ಕಾದಂಬರಿ ಮುಗಿಸಿ, ನಾನು ಕರಡು ತಿದ್ದುವ ಪ್ರಕಾಶನಕ್ಕೇ ತಂದುಕೊಟ್ಟಳು. ಅಚ್ಚಿಗೆ ಹೋಗುವ ಮುನ್ನ ತಿದ್ದುವ ಕೆಲಸ ನನ್ನ ಮೇಜಿಗೇ ಬಂತು. ಸಿಟ್ಟಿನಲ್ಲೇ ಓದಿದೆ. ಓದುತ್ತಾ ಅಳು ಬಂತು, ಅಳು ಬಂದದ್ದಕ್ಕೂ ಸಿಟ್ಟು ಬಂತು. ಚೆನ್ನಾಗಿತ್ತು ಕಣೇ, ಒಂದು ಪುಟ ಬಿಟ್ಟು. ಆ ಪುಟದಲ್ಲಿ ತಾಯಿ ಮಗಳ ಗುಂಗುರು ಕೂದಲನ್ನು ಒಣಗಿದ್ದಾಗಲೇ ಬುಡದಿಂದ ತುದಿಗೆ ಸರ್ರನೆ ಬಾಚುತ್ತಾಳೆ. ನಮ್ಮ ತಲೆಯನ್ನು ಹಾಗೆ ಬಾಚಿದರೆ ಕೂದಲು ಬಾಚಣಿಗೆಗೆ, ಕಿರುಚಾಟ ಬೀದಿಗೆ! ನೀರು ಹಚ್ಚಿ, ತುದಿಯಿಂದ ಒಂದೊಂದೇ ಗಂಟು ಬಿಡಿಸುತ್ತಾ ಮೇಲಕ್ಕೆ ಹೋಗಬೇಕು. ನೀನು ಮೆಟ್ಟಿಲ ಮೇಲೆ ನನ್ನನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು 'ಅಲ್ಲಾಡ್ಬೇಡ್ವೇ' ಎಂದು ಮೊಟಕುತ್ತಿದ್ದ ಜಾಗ ಇನ್ನೂ ಉರಿಯುತ್ತದೆ.

ಪುಸ್ತಕ ಹಾಗೆಯೇ ಅಚ್ಚಾಯಿತು. ಹೊಗಳಿಕೆಯೋ ಹೊಗಳಿಕೆ. ಆಮೇಲೆ ಕೆಳಗಿನ ಬೀದಿಯಲ್ಲಿ ಹೆಂಗಸರ ಕೂದಲು ಕತ್ತರಿಸುವಾಕೆ, ನಮ್ಮವಳೇ, ಪತ್ರಿಕೆಗೆ ಒಂದು ಸಾಲು ಬರೆದಳು: 'ಇದನ್ನ ಬರ್ದೋಳು ನಮ್ಮಂಥ ಒಂದು ತಲೇನೂ ಮುಟ್ಟಿಲ್ಲ.' ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಯಾರ ಕಥೆಯನ್ನು ಯಾರು ಬರೆಯಬೇಕು, ಬಿಳಿಯವಳಿಗೇನು ಹಕ್ಕು ಎಂದು ದಿನಕ್ಕೊಬ್ಬರು. ಈಗ ಪ್ರಕಾಶಕರು ಶನಿವಾರ ಸಭೆ ಕರೆದಿದ್ದಾರೆ. ಅಲ್ಲಿ ಅವಳ ಉತ್ತರ ಒಪ್ಪಿಗೆಯಾಗದಿದ್ದರೆ ಪುಸ್ತಕವನ್ನು ಅಂಗಡಿಗಳಿಂದ ವಾಪಸ್ ತರಿಸುತ್ತಾರಂತೆ. ವೇದಿಕೆಯಲ್ಲಿ ಅವಳ ಪಕ್ಕ ಕೂರಲು ನನಗೂ ಕರೆ ಬಂದಿದೆ. 'ನೀವು ಅವ್ರ ಫ್ರೆಂಡು, ಜೊತೆಗೆ ನೋಡೋಕೂ... ಗೊತ್ತಾಗತ್ತಲ್ಲ' ಎಂದರು ಪುಣ್ಯಾತ್ಮರು. ಹನ್ನೆರಡು ವರ್ಷ ಕಣ್ಣು ಕಳೆದುಕೊಂಡು ತಿದ್ದಿದ್ದಕ್ಕೆ ಸಿಗದ ಕುರ್ಚಿ ಮೈಬಣ್ಣಕ್ಕೆ ಸಿಕ್ಕಿತು ನೋಡು.

'ಈ ಪುಟ ತಿದ್ದಿದ್ಯಾರು?' ಎಂದು ಮೊನ್ನೆ ಕಚೇರಿಯಲ್ಲಿ ಪ್ರಕಾಶಕರು ಎಲ್ಲರೆದುರು ಕೇಳಿದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನಾನು ಕನ್ನಡಕ ಒರೆಸಲು ಶುರುಮಾಡಿದೆ. ಅಷ್ಟರಲ್ಲಿ ಗೊಂಬೆ, 'ತಪ್ಪು ನಂದೇ, ಬೇರೆ ಯಾರ್ದೂ ಅಲ್ಲ' ಎಂದುಬಿಟ್ಟಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಕೇಳಿದವರಿಗೆಲ್ಲ ಅದನ್ನೇ ಹೇಳುತ್ತಿದ್ದಾಳೆ. ನನ್ನನ್ನು ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಇಂಥವಳ ಜೊತೆ ಏಗುವುದು ಹೇಗೆ, ನೀನೇ ಹೇಳು.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ, ಅದರ ಹಿಂದೆಯೇ ಉಣ್ಣೆಯ ಕಾಲುಚೀಲ ಹಾಕಿಕೋ ಎಂಬ ಆಜ್ಞೆಯೂ ಇದೆ. ಸೊಂಟ ಜೋಪಾನ.

ನಿನ್ನ
ಗುಂಗುರಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದಿದ್ದೇನೆ. ಆ ತಪ್ಪು ನನ್ನ ಕಣ್ಣಿಗೆ ಬಿದ್ದಿತ್ತು ಅಕ್ಕಾ. ಅಷ್ಟೇ ಅಲ್ಲ, ಪುಟದ ಅಂಚಿನಲ್ಲಿ ಅವಳು ಪೆನ್ಸಿಲಿನಿಂದ ನನ್ನನ್ನೇ ಕೇಳಿದ್ದಳು. ನಾನು ರಬ್ಬರಿನಿಂದ ಉಜ್ಜಿಹಾಕಿದೆ. ಅವಳ ಪುಸ್ತಕದಲ್ಲಿ ಒಂದಾದರೂ ತಪ್ಪು ಇರಲಿ ಅನ್ನಿಸಿತು. ಆ ಹಾಳೆಯನ್ನು ನಿನ್ನೆ ಕಚೇರಿಯ ಕಪಾಟಿನಿಂದ ತಂದಿದ್ದೇನೆ. ಶನಿವಾರ ಆ ಕುರ್ಚಿಯಲ್ಲಿ ಕೂತು ಅದನ್ನೇ ಓದುತ್ತೇನೆ, ಕೆಲಸ ಹೋದರೆ ಹೋಗಲಿ. ಅವಳು ಪೆನ್ಸಿಲು ಒತ್ತಿ ಬರೆಯುವವಳು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಗುರುತು ಇನ್ನೂ ಕಾಣುತ್ತದೆ: 'ಬಾಚೋದು ಹೀಗೇನಾ? ತಪ್ಪಿದ್ರೆ ಈ ಪುಟ ನೀನೇ ಬರಿ. ನಿನ್ನಷ್ಟು ಚೆನ್ನಾಗಿ ನಂಗೆ ಬರಲ್ಲ.'