ಹಸಿರು ಆಟ

೧೯೭೪, ಮಾರ್ಚ್ ೬. ಬೆಳಿಗ್ಗೆ

ಗಡ್ಡ ಹೆರೆಯುತ್ತ ನಾಟಕದ ನನ್ನ ಮಾತು ಹೇಳಿಕೊಂಡೆ. ಮೂರನೇ ಅಂಕದವರೆಗೆ ಸರಿ. ಟೆಲಿಗ್ರಾಂ ಬಿಚ್ಚುವಲ್ಲಿ ಮತ್ತೆ ನಿಂತಿತು. ಹನ್ನೊಂದು ವರ್ಷದಿಂದ ಇದೇ ಸ್ಟೇಷನ್ ಮಾಸ್ಟರ್ ಪಾತ್ರ. ಇನ್ನೂರಕ್ಕೂ ಹೆಚ್ಚು ಆಟ. ಕೈಗವಸು ಬಿದ್ದುಹೋದ ಹಾಗೆ... ಎಲ್ಲಿ ಬಿತ್ತೋ, ಕೈ ತಣ್ಣಗಾದ ಮೇಲಷ್ಟೇ ಗೊತ್ತಾಗುತ್ತದೆ.

ಮಾರ್ಚ್ ೭

ಉಪಾಯ ಹೊಳೆಯಿತು. ಆಟದ ಟೆಲಿಗ್ರಾಂ ಮೇಲೆ ನನ್ನ ಮಾತನ್ನೇ ಬರೆದಿಟ್ಟೆ. ಆರು ಸಾಲು. ಮೊದಲನೆಯದು — "ದೀಪ ಆರಿಸಬೇಡಿ, ಇನ್ನೊಂದು ಗಾಡಿ ಬರುವುದಿದೆ." ಮರೆತ ಮಾತು ಪಿಸುಗುಟ್ಟಿ ಎತ್ತಿಕೊಡುವ ಪ್ರಾಂಪ್ಟರ್ ತೈಸಿಯಾ ಗೊರ್ದೆಯೆವ್ನಾ ನೋಡಿಬಿಟ್ಟಳು. ಇಪ್ಪತ್ತು ವರ್ಷ ರಂಗದ ಮುಂದಿನ ಗೂಡಿನಲ್ಲಿ ಕೂತು ನನ್ನ ಬೂಟು ನೋಡಿದವಳು.

"ಯಾವಾಗಿಂದ, ಆರ್ಸೆನಿ ಫೋಮಿಚ್?"

"ಹೊಸ ವರ್ಷದಿಂದ."

"ಡಾಕ್ಟರಿಗೆ ತೋರಿಸಿದ್ರಾ?"

"ಡಾಕ್ಟರಿಗೆ ಹೇಳಿದ್ರೆ ಡೈರೆಕ್ಟರಿಗೂ ಹೇಳಿದ ಹಾಗೇ."

ಟೆಲಿಗ್ರಾಂ ಮಡಿಸಿ ನನ್ನ ಕೈಗೇ ಕೊಟ್ಟಳು. ಇಬ್ಬರಿಗೂ ಪಾಖೋಮ್ ನೆನಪಾಗಿರಬೇಕು. ಮೂವತ್ತು ವರ್ಷ ನಮ್ಮ ನಾಟಕಗಳ ರಾಜ. ಹೋದ ವರ್ಷ ಎರಡು ಸಲ ಮಾತು ಮರೆತ. ಹೂವು ಕೊಟ್ಟು, ಭಾಷಣ ಮಾಡಿ ಪೆನ್ಷನ್‌ಗೆ ಕಳಿಸಿದರು. ಈಗ ಇದೇ ಥಿಯೇಟರಿನ ಬಾಗಿಲಲ್ಲಿ ಪ್ರೇಕ್ಷಕರ ಕೋಟು ಇಸಿದುಕೊಂಡು ನೇತುಹಾಕುತ್ತಾನೆ.

ಮಾರ್ಚ್ ೧೭, ಭಾನುವಾರ. ಸಂಜೆ ಐದು

ಮಧ್ಯಾಹ್ನದ ಆಟ. ಈ ನಾಟಕಕ್ಕೆ ಇದೇ ಕೊನೆ. ಕೊನೆಯದನ್ನು ಹಸಿರು ಆಟ ಅನ್ನುತ್ತಾರೆ. ಪ್ರೇಕ್ಷಕರಿಗೆ ತಿಳಿಯದಂತೆ ಒಬ್ಬರಿಗೊಬ್ಬರು ಕೀಟಲೆ ಮಾಡುವುದು. ರಂಗದ ಮೇಲೆ ನಕ್ಕವನು ಸೋತ.

ಟೀ ಲೋಟದಲ್ಲಿ ಉಪ್ಪುನೀರು. ಪೂರ್ತಿ ಕುಡಿದೆ. ಉಪ್ಪು ಹಾಕುತ್ತಾರೆಂಬುದು ನೆನಪಿತ್ತು, ಬೇರೇನು ಮಾಡುತ್ತಾರೆಂಬುದು ನೆನಪಿರಲಿಲ್ಲ.

ಟೆಲಿಗ್ರಾಂ ಬಿಚ್ಚಿದೆ. ನನ್ನ ಅಕ್ಷರ ಇಲ್ಲ. ಹುಡುಗಾಟದ ನಟ ರೊಡಿಯೋನನ ಅಕ್ಷರ — "ತಾತ, ಕ್ಯಾಂಟೀನಿಗೆ ಸಾಸೇಜ್ ಬಂದಿದೆ. ಬೇಗ ಮುಗಿಸಿ."

ನಿಂತೆ. ಗೂಡಿನಲ್ಲಿ ತೈಸಿಯಾಳ ತುಟಿ ಅಲ್ಲಾಡುತ್ತಿತ್ತು. ಏನೂ ಕೇಳಿಸಲಿಲ್ಲ. ಎಷ್ಟು ಹೊತ್ತೋ. ಕೊನೆಗೆ ಕಾಗದವನ್ನು ಹೆಂಡತಿ ಪಾತ್ರದವಳ ಕೈಗಿಟ್ಟೆ. ಓದಿದಳು, ಗೋಡೆಗೆ ತಿರುಗಿದಳು. ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾಳೆಂದುಕೊಂಡು ಸಭೆಯಲ್ಲಿ ಯಾರೋ ಬಿಕ್ಕಿದರು. ಪರದೆ ಬಿತ್ತು.

"ಏನ್ ತಾತ ನೀವು!" ರೊಡಿಯೋನ್ ಕೈಮುಗಿದ. "ನಾವು ಒಂದ್ ಚಮಚ ಉಪ್ಪು ಹಾಕಿದ್ರೆ ನೀವು ಇಡೀ ದೃಶ್ಯಾನೇ ನುಂಗಿಬಿಟ್ರಲ್ಲ!"

ಡೈರೆಕ್ಟರ್ ವಲೇರಿಯಾನ್ ಒಸಿಪೊವಿಚ್ ತಬ್ಬಿಕೊಂಡ. "ಅಷ್ಟು ಹೊತ್ತು ಸುಮ್ಮನೆ ನಿಲ್ಲೋ ಎದೆ ಯಾರಿಗಿದೆ ಇಲ್ಲಿ? ನೋಡಿ ಕಲೀರ್ರೋ!"

ನಕ್ಕೆ. ತೈಸಿಯಾ ಗೂಡಿನಿಂದ ಹೊರಬರಲೇ ಇಲ್ಲ.

ಮಾರ್ಚ್ ೨೦

ಬೋರ್ಡಿನ ಮೇಲೆ ಹೊಸ ನಾಟಕದ ಪಾತ್ರಪಟ್ಟಿ. ನ್ಯಾಯಾಧೀಶ — ನಾನು. ಅರವತ್ನಾಲ್ಕು ಪುಟ. ಇಂಥದ್ದೊಂದಕ್ಕೆ ಎಷ್ಟು ವರ್ಷ ಕಾದಿದ್ದೆ.

ಮೆಟ್ಟಿಲ ಮೇಲೆ ಹಾಳೆಗಳು ಕೈಜಾರಿದವು. ಪಾತ್ರದ ಹಾಳೆ ನೆಲಕ್ಕೆ ಬಿದ್ದರೆ ಅದರ ಮೇಲೆ ಕೂತೇ ಏಳಬೇಕು, ಇಲ್ಲದಿದ್ದರೆ ಪಾತ್ರ ಕೈಬಿಟ್ಟು ಹೋಗುತ್ತದೆ. ನಟರ ನಂಬಿಕೆ ಇದು, ನಾವೆಲ್ಲ ಹಾಗೇ ಮಾಡುವುದು. ಕೂತೆ. ಕೋಟುಗಳ ನಡುವಿನಿಂದ ಪಾಖೋಮ್ ಬಂದ. ಪಕ್ಕದಲ್ಲಿ ಕೂತ.

"ನಾನೂ ಕೂತಿದ್ದೆ ಕಣಯ್ಯ," ಅಂದ. "ಎರಡು ಸಲಾನೂ."

ಏಪ್ರಿಲ್ ೯. ಬೆಳಿಗ್ಗೆ ಒಂಬತ್ತೂವರೆ

ಇಷ್ಟು ದಿನ ಬರೆಯಲಿಲ್ಲ. ಬರೀ ಉರು ಹೊಡೆಯುವುದು. ಬೆಳಿಗ್ಗೆ ಹೊಕ್ಕದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ.

ಹನ್ನೊಂದಕ್ಕೆ ರಿಹರ್ಸಲ್. ಇವತ್ತಿನಿಂದ ಹಾಳೆ ಹಿಡಿಯುವಂತಿಲ್ಲ. ನಿನ್ನೆ ತೈಸಿಯಾ ಅಂದಳು, "ಡೈರೆಕ್ಟರಿಗೆ ನೀವೇ ಹೇಳಿಬಿಡಿ. ನಾನು ಆರು ಸಾಲು ಬೇಕಾದ್ರೆ ಹೊರ್ತೀನಿ. ಅರವತ್ನಾಲ್ಕು ಪುಟ ಆಗಲ್ಲ, ಆರ್ಸೆನಿ ಫೋಮಿಚ್." ಕಣ್ಣು ಕೆಂಪಾಗಿತ್ತು. ಕೋಪವಿರಬಹುದು.

ತೀರ್ಮಾನಿಸಿದ್ದೇನೆ. ಹಾಳೆಗಳನ್ನು ಪೆಟ್ಟಿಗೆಯಲ್ಲಿಟ್ಟೆ. ನ್ಯಾಯಾಧೀಶನ ಮೊದಲ ಮಾತನ್ನು ನೋಡದೆ ಇಲ್ಲಿ ಬರೆಯುವುದು. ಬಂದರೆ ರಿಹರ್ಸಲ್‌ಗೆ. ಬರದಿದ್ದರೆ ನೇರ ಡೈರೆಕ್ಟರ್ ಕೋಣೆಗೆ.

ನ್ಯಾಯಾಧೀಶ ಎದ್ದು ನಿಲ್ಲುತ್ತಾನೆ. ಕನ್ನಡಕ ತೆಗೆಯುತ್ತಾನೆ. ಇಷ್ಟು ಖಚಿತ. ಆಮೇಲೆ ಹೇಳುತ್ತಾನೆ —

ದೀಪ ಆರಿಸಬೇಡಿ, ಇನ್ನೊಂದು