ತೊಳೆದ ಮಾವಿನೆಲೆ

ಜನವರಿ 19, ಭಾನುವಾರ

ಏಣಿ ಹಾಕಿ ಬಾವಾಕನ ಹೋಟೆಲಿನ ಎದುರಿನ ಮಾವಿನ ಮರದಿಂದ ಮೂವತ್ತು ಎಲೆ ಕೊಯ್ದದ್ದಾಯಿತು. ನಮ್ಮ ಕಾಲೇಜಿನ ಸಜ್ನಾ ಮೇಡಂ ಪ್ರಾಜೆಕ್ಟ್ — ಎಲೆ ನೋಡಿ ಗಾಳಿಯ ಕೊಳೆ ಲೆಕ್ಕ ಹಾಕುವುದಂತೆ. ಗುರುವಾಯನಕೆರೆ, ಪುಂಜಾಲಕಟ್ಟೆ, ಮೂಡುಬಿದಿರೆಯ ಎಲೆ ವಿದ್ಯಾರ್ಥಿಗಳು ತರುತ್ತಾರೆ. ಪಾಣೆಮಂಗಳೂರಿನದ್ದು ಲ್ಯಾಬ್ ಅಟೆಂಡರ್ ಆದ ನನ್ನ ಪಾಲಿಗೆ, ಮನೆ ಇಲ್ಲೇ ಅಲ್ಲವೇ.

ಬಾವಾಕ ಏಣಿ ಹಿಡಿದು ನಿಂತು, "ಎಂತ ಕುಶಾಲಪ್ಪಣ್ಣ, ಕಾಲೇಜಿನಲ್ಲಿ ಆಡು ಸಾಕ್ತೀರಾ?" ಎಂದರು. ದೊಡ್ಡ ಮನುಷ್ಯ. ಹೋಟೆಲಿಗೆ ತಾಗಿದ ಕೋಣೆಯನ್ನು ಬಾಡಿಗೆಯಿಲ್ಲದೆ ಅಂಗನವಾಡಿಗೆ ಬಿಟ್ಟುಕೊಡುತ್ತಿದ್ದಾರೆ. ಅಲ್ಲಿನ ಟೀಚರ್ ನನ್ನ ಹೆಂಡತಿ ನೀಲಾವತಿಗೆ ಖುಷಿ. ಟೀಚರಮ್ಮನ ಹದಿನೆಂಟು ಮಕ್ಕಳು ಈಗ ಕೂರುವ ಕಟ್ಟಡದ ಗೋಡೆ ಬಿರುಕು ಬಿಟ್ಟಿದೆ.

ಎಲೆಯ ಮೇಲೆ ಏನು ಧೂಳು! ಇಂಥದ್ದನ್ನು ಮೇಡಂ ಕೈಗೆ ಕೊಡುವುದು ಹೇಗೆ? ನಮ್ಮೂರಿನ ಮಾನ ಏನಾಗಬೇಕು? ಇಪ್ಪತ್ತೆರಡು ವರ್ಷ ಟೆಸ್ಟ್ ಟ್ಯೂಬ್ ತೊಳೆದ ಕೈ ಸುಮ್ಮನಿರುತ್ತದೆಯೇ. ನಲ್ಲಿ ಬಿಟ್ಟು ಒಂದೊಂದೇ ಉಜ್ಜಿ, ಒರೆಸಿ, ಕವರಿಗೆ ಹಾಕಿದೆ. ಮಿರಮಿರ.

ಜನವರಿ 24

ಪಾಣೆಮಂಗಳೂರು ಫಸ್ಟ್! ನಾಲ್ಕು ಕಡೆಯಲ್ಲಿ ನಮ್ಮದೇ ಚೊಕ್ಕ ಗಾಳಿ. "ಆಶ್ಚರ್ಯ ಕುಶಾಲಪ್ಪಣ್ಣ, ನದಿ ಗಾಳಿಗೆ ಇರಬಹುದು," ಎಂದರು ಮೇಡಂ. ಉಬ್ಬಿಹೋದೆ.

ಮನೆಗೆ ಬಂದು ಹೇಳಿದ್ದೇ ತಡ, ನೀಲಾವತಿ ಅಂಗನವಾಡಿ ಸಮಿತಿಯವರಿಗೆ ಫೋನ್ ಮಾಡಿದಳು. ಬಾವಾಕನ ಕೋಣೆ ರಸ್ತೆ ಬದಿ, ಧೂಳು ಎಂದು ಹಿಂದೆಮುಂದೆ ನೋಡುತ್ತಿದ್ದವರು ಅವರು. ಕಾಲೇಜಿನವರೇ ಹೇಳಿದ ಮೇಲೆ ಇನ್ನೇನು? ಫೆಬ್ರವರಿ ಮೂರಕ್ಕೆ ಮಕ್ಕಳು ಹೊಸ ಕೋಣೆಗೆ.

ಜನವರಿ 30, ಸಂಜೆ

ಇವತ್ತಿನದ್ದನ್ನು ಬರೆಯಲೇಬೇಕು.

ಮೂರು ಗಂಟೆಗೆ ಮೇಡಂ ಕರೆದರು. ಗುರುವಾಯನಕೆರೆಯ ಎಲೆಗಳನ್ನು ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಆ ನೀರನ್ನು ಬೀಕರಿನಲ್ಲಿಟ್ಟಿದ್ದರು. ಅಡಿಗೆ ಆಯಸ್ಕಾಂತ ಹಿಡಿದರು. ನೀರಿನೊಳಗಿಂದ ಕಪ್ಪು ಎದ್ದು ಬಂತು — ರೋಮದ ಹಾಗೆ ನೆಟ್ಟಗೆ ನಿಂತಿತು. ಆಯಸ್ಕಾಂತ ಸರಿಸಿದರೆ ಅದೂ ಸರಿಯುತ್ತದೆ!

ಆಮೇಲೆ ಮೈಕ್ರೋಸ್ಕೋಪ್. ದೇವರೇ... ಗುಂಡುಗಳು. ಎಷ್ಟು ದುಂಡಗೆ, ಎಷ್ಟು ನುಣ್ಣಗೆ! ಕೆಲವು ಬ್ರೇಕಿನದ್ದು, ಕೆಲವು ಇಂಜಿನಿನದ್ದು ಎಂದರು ಮೇಡಂ. ನಾವು ಕಾಣದ್ದನ್ನು ಮರ ಹಗಲೂ ರಾತ್ರಿ ಹಿಡಿದಿಟ್ಟಿದೆ, ಯಾರೂ ಹೇಳಿಕೊಡದೆ, ಯಾರೂ ಕೇಳದೆ. ಕಣ್ಣು ತೆಗೆಯಲು ಮನಸ್ಸೇ ಬರಲಿಲ್ಲ.

"ಎಲೆ ಅಲ್ಲ, ಎಲೆ ಮೇಲಿನ ಧೂಳೇ ನಮಗೆ ಬೇಕಾದದ್ದು," ಎಂದರು.

ನಾನು ತೊಳೆದು ಚೆಲ್ಲಿದ್ದು ಅದನ್ನೇ! ಅದನ್ನು ಹೇಳದೆ ಬಸ್ಸು ಹತ್ತಿ ಬಂದುಬಿಟ್ಟೆ. ಹೇಡಿ.

ಜನವರಿ 31, ಬೆಳಿಗ್ಗೆ 6

ನೀಲಾವತಿ ಮಕ್ಕಳ ಚಾಪೆ ಸುತ್ತಿಡುತ್ತಿದ್ದಳು. ಹೇಳಿದೆ. ಮೊದಲು ನಕ್ಕಳು — ಎಲೆಗೂ ಸ್ನಾನ ಮಾಡಿಸಿದ್ರಾ ಎಂದು. ನಗು ಅರ್ಧಕ್ಕೇ ನಿಂತಿತು.

"ಆ ಕೋಣೆ ಕಿಟಕಿ ರಸ್ತೆಗೇ ಉಂಟು. ಮಕ್ಕಳು ಮಧ್ಯಾಹ್ನ ಅದರ ಬುಡದಲ್ಲೇ ಮಲಗುದು," ಎಂದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಈಗಲೇ ಕೊಯ್ದು ತರುತ್ತೇನೆ. ತೊಳೆಯದೆ.

ಅದೇ ದಿನ, ಸಂಜೆ

ಮೇಡಂಗೆ ಹೇಳಿಬಿಟ್ಟೆ. "ನಾನೂ ಕೇಳ್ಲಿಲ್ಲ ಅಲ್ವಾ? ಇಷ್ಟು ಕ್ಲೀನ್ ಬಂದಾಗ ಸಂಶಯ ಬರ್ಬೇಕಿತ್ತು ನನಗೆ." ಅಷ್ಟೇ ಎಂದರು. ನನ್ನ ಕೈಗೇ ಆಯಸ್ಕಾಂತ ಕೊಟ್ಟರು.

ನಾಲ್ಕೂ ಬೀಕರ್ ಸಾಲಾಗಿ. ಮೂಡುಬಿದಿರೆಯದ್ದು ತೆಳು ಗೆರೆ. ಪುಂಜಾಲಕಟ್ಟೆಯದ್ದು ಸ್ವಲ್ಪ ದಪ್ಪ. ಗುರುವಾಯನಕೆರೆಯದ್ದು ಇನ್ನೂ ದಪ್ಪ. ನಮ್ಮದು... ಅಡಿಯೇ ಕಪ್ಪು. ಹನ್ನೆರಡು ದಿನಗಳ ಹಿಂದೆ ನನ್ನ ಬಚ್ಚಲಿನಲ್ಲಿ ಹರಿದುಹೋದದ್ದು ಇದು.

ಹೆದರಿಕೆಯಾಯಿತು. ನಾಚಿಕೆಯೂ. ಆದರೂ ಸತ್ಯ ಹೇಳಬೇಕು — ಅದಕ್ಕಿಂತ ಹೆಚ್ಚು ಬೆರಗು. ಅಷ್ಟು ಧೂಳು ಹೊತ್ತರೂ ಆ ಮರ ಹೊಸ ಚಿಗುರು ಬಿಟ್ಟಿದೆ.

ನೀಲಾವತಿ ಸಮಿತಿಗೆ ತಿಳಿಸಿದಳು. ಮಕ್ಕಳು ಸೋಮವಾರದಿಂದ ಒಳರಸ್ತೆಯ ಸೈನಬಕ್ಕನ ಮನೆಯ ಚಾವಡಿಗೆ, ಗೋಡೆ ರಿಪೇರಿಯಾಗುವವರೆಗೆ. ಬಾವಾಕನಿಗೆ ಹೇಳುವ ಕೆಲಸ ನನ್ನದು.

ಫೆಬ್ರವರಿ 1, ಮಧ್ಯಾಹ್ನ

ಬೀಕರ್ ಹಿಡಿದುಕೊಂಡೇ ಹೋದೆ. ಸುಮ್ಮನೆ ಬೇಡ ಎಂದರೆ ನೊಂದುಕೊಳ್ಳುತ್ತಾರೆ. ಕೋಣೆಗೆ ಬಣ್ಣ ಬೇರೆ ಹೊಡೆಸಿದ್ದರು, ಗೋಡೆಯಲ್ಲಿ ಮೊಲದ ಚಿತ್ರ.

ಗಲ್ಲಾದ ಮೇಲಿಟ್ಟು ಆಯಸ್ಕಾಂತ ತೋರಿಸಿದೆ. ಕಪ್ಪು ಎದ್ದು ನಿಂತಿತು. ಚಾ ಕುಡಿಯುತ್ತಿದ್ದವರು ಸುತ್ತ ಸೇರಿದರು. ಬಾವಾಕ ತಾವೇ ಇಸಿದುಕೊಂಡು ಆಚೆ ಈಚೆ ಸರಿಸಿದರು, ಪುನಃ ಪುನಃ. "ಅಲ್ಲಾಹ್! ಇದೆಲ್ಲ ನಮ್ಮ ಮರ ಹಿಡಿದದ್ದಾ?"

"ಹೌದು ಬಾವಾಕ. ಮಕ್ಕಳಿಗೆ ಇಲ್ಲಿ ಬೇಡ ಅಂತ..."

"ಬೇಡ, ಬೇಡ. ಮಕ್ಕಳಿಗೆ ಬೇಡವೇ ಬೇಡ." ತಕ್ಷಣ ಒಪ್ಪಿದರು. ಬದುಕಿದೆ ಎನಿಸಿತು.

ಆಮೇಲೆ ಬೀಕರ್ ವಾಪಸು ಕೊಡಲಿಲ್ಲ. ಕಣ್ಣ ಹತ್ತಿರ ಹಿಡಿದು ನೋಡುತ್ತಲೇ ಇದ್ದರು. ನಂತರ ಮೆಲ್ಲ, ನನಗೆ ಮಾತ್ರ ಕೇಳುವ ಹಾಗೆ ಕೇಳಿದರು:

"ಕುಶಾಲಪ್ಪಣ್ಣ, ನಾನು ಮೂವತ್ತೊಂದು ವರ್ಷ ಆಯ್ತು ಇದೇ ಮರದ ಎದುರು ಕೂತು. ನನ್ನ ಒಳಗಿದ್ದದ್ದನ್ನು ತೊಳೆದು ನೋಡ್ಲಿಕ್ಕೆ ಎಂತಾದ್ರೂ ಉಂಟಾ?"

ಅವರ ಕೈ ಹಿಡಿದುಕೊಂಡೆ. "ತೊಳೆಯಲಿಕ್ಕೆ ಆಗುದಿಲ್ಲ ಬಾವಾಕ. ಡಾಕ್ಟರಿಗೆ ತೋರಿಸುವ, ನಾನೂ ಬರ್ತೇನೆ," ಎಂದೆ.