ಗಂಗಿಯ ಒಂಬತ್ತು ದಿನ

ಅಕ್ಕಾ,

ನಿನ್ನ ಹದಿಮೂರನೆಯ ದಿನದ ಊಟ ಮುಗಿಸಿ ಎಲ್ಲರೂ ಹೊರಟ ಮೇಲೆ, ಔರಂಗಾಬಾದಿನ ನಿನ್ನ ಮನೆಯ ಪಡಸಾಲೆಯಲ್ಲಿ ಮಾಮಾ ನನ್ನ ಹತ್ತಿರ ಬಂದು ಕೂತರು. "ಗಂಗಿ ಸಲುವಾಗಿ ನೀ ಬರದ ಕಾರ್ಡು ಅವಾಗಽ ಬಂದಿತ್ತವ್ವಾ. ನಿಮ್ಮಕ್ಕ ಓದಿ ಒಲಿಗೆ ಹಾಕಿದ್ಲು. 'ನಾ ಹ್ಞೂಂ ಅಂತ ಬರದ್ರ ನಾನಽ ಕೊಂದಂಗ ಆಗ್ತದ, ಅಕಿ ಏನರ ಮಾಡ್ಲಿ' ಅಂದ್ಲು," ಎಂದರು. ನಿನ್ನ ಗಂಡ ಸುಳ್ಳು ಹೇಳುವವರಲ್ಲ. ಹಾಗಾದರೆ ಇಷ್ಟು ವರ್ಷ ನೀನು...

ಅವ್ವ ಇಲ್ಲವೆಂದು ನೀನು ಬಾಣಂತನಕ್ಕೆ ನಾಶಿಕದ ಹತ್ತಿರದ ಓಝರಿನ ನಮ್ಮ ಕ್ವಾರ್ಟರ್ಸಿಗೇ ಬಂದಿದ್ದೆ. ಕೂಸು ನಾಲ್ಕನೆಯ ದಿನಕ್ಕೆ ಹೋಯಿತು. ನೀನು ಉಣ್ಣಲಿಲ್ಲ, ಅಳಲೂ ಇಲ್ಲ. ಪಕ್ಕದ ಮನೆಯಾಕೆ ಆಗಷ್ಟೇ ತತ್ತಿಯೊಡೆದು ಬಂದ ಕೋಳಿಮರಿಯೊಂದನ್ನು ನಿನ್ನ ಮಡಿಲಲ್ಲಿ ಬಿಟ್ಟಳು. ಅವತ್ತು ನೀನು ಅತ್ತುಬಿಟ್ಟೆ. ಅದಕ್ಕೆ ಗಂಗಿ ಎಂದು ಹೆಸರಿಟ್ಟೆ. ಮೂರು ತಿಂಗಳಿಗೆ ಹೊರಟು ನಿಂತಾಗ, "ನಮ್ಮತ್ತಿ ಕೋಳಿ ಒಳಗ ಬಿಡಂಗಿಲ್ಲ. ನಾ ನೋಡಿದಂಗ ನೋಡ್ಕೋ," ಅಂದೆ. ನೋಡಿಕೊಳ್ಳಲಿಲ್ಲವೇನೇ ನಾನು?

ಎರಡು ವರ್ಷದ ಮೇಲೆ ಗಂಗಿಯ ಹೊಟ್ಟೆ ಊದಿಕೊಂಡಿತು. ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ನಾಶಿಕಕ್ಕೆ ಒಯ್ದೆ. ದನದ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ತತ್ತಿ ಒಳಗೇ ಒಡೆದು ಕೀವಾಗಿದೆ, ಔಷಧವಿಲ್ಲ ಎಂದರು. "ಬಾಯಿ, ಆತಾ ಹಿಲಾ ಸೋಡವಾ." ನೋವಿನಿಂದ ಬಿಡಿಸಿಬಿಡಿ ಅಂತ. ಇಂಜೆಕ್ಷನ್ ಅಲ್ಲೇ ಇತ್ತು. "ನಮ್ಮ ಅಕ್ಕನ್ನ ಕೇಳಬೇಕ್ರಿ" ಎಂದು ವಾಪಸು ತಂದೆ. ಅವತ್ತೇ ನಿನಗೆ ಕಾರ್ಡು ಬರೆದೆ.

ಒಂಬತ್ತು ದಿನ, ಅಕ್ಕಾ. ಪೋಸ್ಟಿನವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಬಾಗಿಲಿಗೆ ಓಡುತ್ತಿದ್ದೆ. ಗಂಗಿ ನಿಲ್ಲಲಾರದೆ ಗೋಣಿಚೀಲದ ಮೇಲೆ ಬಿದ್ದಿರುತ್ತಿತ್ತು. ನೀರು ಬಾಯಿಗೆ ಹನಿಸಿದರೆ ಹೊರಗೆ ಬರುತ್ತಿತ್ತು. "ಯಾರ ಅಪ್ಪಣೆ ಕಾಯಾಕತ್ತೀ? ಆ ಜೀವಾ ನೋಡು," ಎಂದು ನನ್ನವರು ಬೈದರು. ನಿನ್ನ ಕೂಸಿನ ಜಾಗದಲ್ಲಿ ಬೆಳೆದದ್ದು, ನಿನ್ನನ್ನು ಕೇಳದೆ ಹೇಗೆ ಕೊಲ್ಲಿಸಲಿ? ನೀನೋ, ಕಾರ್ಡು ಸುಟ್ಟು ಕೂತಿದ್ದೆ.

ದೀಪಾವಳಿಗೆ ಬಂದವಳು ನೆಂಟರೆದುರು ಏನಂದೆ? "ನನ್ನ ಒಂದ್ ಮಾತು ಕೇಳಲಾರ್ದ ಕೊಂದಿ." ಕಾರ್ಡು ಬರೆದಿದ್ದೆ ಎಂದೆ ನಾನು. "ಯಾವ ಕಾರ್ಡು?" ಎಂದೆ ನೀನು, ನನ್ನ ಮುಖ ನೋಡುತ್ತಲೇ. ಅಂದಿನಿಂದ ನನ್ನ ಮನೆಯಲ್ಲಿ ನೀರು ಮುಟ್ಟಲಿಲ್ಲ. ನಾನೂ ಅಂಚೆಯವರನ್ನು ಬೈದುಕೊಂಡು, ನಿನ್ನ ಹಿಂದೆ ಕ್ಷಮೆ ಕೇಳುತ್ತ ತಿರುಗಿದೆ.

ನಿನ್ನ ಸಂಕಟ ನನಗೆ ತಿಳಿಯದ್ದೇನಲ್ಲ. ಕೂಸು ಹೋದ ಮೇಲೆ ಇದನ್ನೂ ಕೈಯಾರೆ ಕಳಿಸುವುದು ನಿನ್ನಿಂದ ಆಗಲಿಲ್ಲ. ನನ್ನಿಂದ ಹೇಳಲಾಗದು, ನೀನೇ ನೋಡು ಅಂತಾದರೂ ಒಂದು ಸಾಲು ಬರೆಯಬಾರದಿತ್ತೇ? ಮರುದಿನವೇ ನಾನು ನಾಶಿಕಕ್ಕೆ ಹೋಗುತ್ತಿದ್ದೆ. ಇದೊಂದನ್ನು ಮಾತ್ರ ನಾನು ಕ್ಷಮಿಸಲಾರೆ.

ಹೇಗೆ ಹೋಯಿತೆಂದು ನೀನು ಒಮ್ಮೆಯೂ ಕೇಳಲಿಲ್ಲ. ಕೇಳು ಈಗ. ಹತ್ತನೆಯ ದಿನ, ಇನ್ನು ಕಾಯಲಾರದೆ ನಾಶಿಕಕ್ಕೆ ಒಯ್ದೆ. ಡಾಕ್ಟರು ಸೂಜಿ ಕೈಗೆತ್ತಿಕೊಂಡಾಗ ಅದು ನನ್ನ ಮಡಿಲಲ್ಲಿತ್ತು, ಹೆದರಿ ನಡುಗುತ್ತಿತ್ತು. ಸಮಾಧಾನವಾಗಲೆಂದು ನೀನು ಕರೆಯುತ್ತಿದ್ದ ಹಾಗೆ, ನಿನ್ನದೇ ರಾಗದಲ್ಲಿ, "ಗಂಗೀ, ಬಾರವ್ವಾ" ಎಂದೆ. ನಡುಕ ನಿಂತಿತು. ಕಣ್ಣು ತೆರೆದು, ಕತ್ತು ಹೊರಳಿಸಿ ಬಾಗಿಲ ಕಡೆ ನೋಡಿತು. ನಾನು ಅದರ ಕಣ್ಣೆದುರಿಗೇ ಇದ್ದೆ, ಅಕ್ಕಾ.